ಯೊವಾನ್ನ 4:1 ಅಂದರೆ ಯಾವ ಯೊವಾನ್ನ?

ಸುಂಟಿಕೊಪ್ಪದ ಓದುಗರೊಬ್ಬರ ಪತ್ರದಿಂದ: "ಮೈದುನನ ಫೋನಿನಿಂದ ದಿನಾ ಒಂದು ಪ್ರವಾದನೆ ಬರುತ್ತದೆ. ಲ್ಯಾಟಿನ್ ಬಿಟ್ಟ ದಿನವೇ ಧರ್ಮಸಭೆ ದಾರಿ ತಪ್ಪಿತು ಅಂತ ಅತ್ತೆ ಹೇಳುತ್ತಾರೆ. ಕಾಲ ಬದಲಾದರೆ ಬೋಧನೆಯೂ ಬದಲಾಗಬೇಕು ಅನ್ನುತ್ತಾನೆ ಬೆಂಗಳೂರಿನಲ್ಲಿರುವ ಮಗ. ಆತ್ಮಗಳನ್ನು ಪರೀಕ್ಷಿಸಿ ಎಂದು ಯೊವಾನ್ನ 4:1ರಲ್ಲಿದೆ. ಪರೀಕ್ಷಿಸುವುದು ಹೇಗೆ? ಈ ಮೆಸೇಜುಗಳನ್ನೆಲ್ಲ ಅಳಿಸಿಬಿಡಲೇ?"

ಅಮ್ಮಾ, ಎರಡು ಪುಟ ತುಂಬ ಕೈಬರಹದಲ್ಲಿ, ವಚನದ ಸಂಖ್ಯೆ ಸಮೇತ ಪತ್ರ ಬರೆಯುವವರು ಈಗ ಅಪರೂಪ. ಆ ಸಲಿಗೆಯಿಂದಲೇ ಮೊದಲು ನಿಮ್ಮನ್ನು ಗದರಿಸುತ್ತೇನೆ. ಯೊವಾನ್ನನ ಶುಭಸಂದೇಶದ 4:1 ತೆರೆದು ನೋಡಿ. ಯೇಸುವಿಗೆ ಸ್ನಾನಿಕ ಯೊವಾನ್ನನಿಗಿಂತ ಹೆಚ್ಚು ಶಿಷ್ಯರಾಗುತ್ತಿದ್ದಾರೆ ಎಂಬ ಸುದ್ದಿ ಫರಿಸಾಯರ ಕಿವಿಗೆ ಬಿತ್ತು ಎಂದಷ್ಟೇ ಅಲ್ಲಿದೆ. ನಿಮಗೆ ಬೇಕಾದದ್ದು ಯೊವಾನ್ನನ ಮೊದಲನೆಯ ಪತ್ರ. ಅದರಲ್ಲೂ ನೀವು ಒಂದು ವಚನ ಮೊದಲೇ ನಿಂತುಬಿಟ್ಟಿದ್ದೀರಿ. ಹೇಗೆ ಎಂಬ ನಿಮ್ಮ ಪ್ರಶ್ನೆಗೆ ಉತ್ತರ 4:2ರಲ್ಲೇ ಇದೆ: ಯೇಸುಕ್ರಿಸ್ತರು ಮನುಷ್ಯರಾಗಿ ಬಂದರೆಂದು ಒಪ್ಪಿಕೊಳ್ಳುವ ಆತ್ಮ ದೇವರದು. ಮೈ ನಡುಗಿತೇ, ಕಣ್ಣೀರು ಬಂತೇ, ರೋಗ ವಾಸಿಯಾಯಿತೇ ಎಂದು ಯೊವಾನ್ನ ಕೇಳುವುದಿಲ್ಲ. ಏನು ಹೇಳಿತು ಎಂದು ಕೇಳುತ್ತಾನೆ.

ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡ ಇನ್ನೂ ಖಾರವಾಗಿದೆ. ಹೇಳಿದ್ದು ನಡೆಯದಿದ್ದರೆ ಅದು ದೇವರ ಮಾತಲ್ಲ ಎನ್ನುತ್ತದೆ 18:22. ಅದನ್ನು ಎಲ್ಲರೂ ಬಲ್ಲರು. 13ನೇ ಅಧ್ಯಾಯದ ಆರಂಭವನ್ನು ಯಾರೂ ಓದುವುದಿಲ್ಲ: ಹೇಳಿದ ಸೂಚಕಕಾರ್ಯ ನಡೆದೇಬಿಟ್ಟರೂ, ಬೇರೆ ದೇವರ ಹಿಂದೆ ಹೋಗೋಣ ಎನ್ನುವವನ ಮಾತಿಗೆ ಕಿವಿಗೊಡಬೇಡಿ. ಮಳೆ ಬರುತ್ತದೆ ಎಂದ, ಬಂತು. ಅದರಿಂದ ಅವನ ಮಿಕ್ಕ ಮಾತು ನಿಜವಾಗುವುದಿಲ್ಲ.

ಈಗ ಮೈದುನನ ಮೆಸೇಜಿಗೆ ಬರೋಣ. ವಚನವಿದ್ದರೆ ಪುಸ್ತಕದ ಹೆಸರು, ಅಧ್ಯಾಯ, ಸಂಖ್ಯೆ ಕೇಳಿ. ಸಂಖ್ಯೆಯೇ ಇಲ್ಲದಿದ್ದರೆ ಅರ್ಧ ಕೆಲಸ ಅಲ್ಲಿಗೇ ಮುಗಿಯಿತು. ಸಂಖ್ಯೆ ಇದ್ದರೆ ಆ ಒಂದು ಸಾಲಲ್ಲ, ಅಧ್ಯಾಯ ಪೂರ್ತಿ ಓದಿ, ಹಿಂದಿನ ಅಧ್ಯಾಯದ ಕೊನೆಯನ್ನೂ ಸೇರಿಸಿ. ಅಧ್ಯಾಯ, ವಚನಗಳ ಗೆರೆ ಎಳೆದದ್ದು ಎಷ್ಟೋ ಶತಮಾನ ಕಳೆದ ಮೇಲೆ. ಬರೆದವನ ಮಾತು ಆ ಗೆರೆಯಲ್ಲಿ ನಿಲ್ಲುವುದಿಲ್ಲ. ಮನೆಯಲ್ಲಿ ಕಥೋಲಿಕರ ಭಾಷಾಂತರವಿದ್ದರೆ ಪಕ್ಕದ ಮನೆಯ ಪ್ರೊಟೆಸ್ಟಂಟರ ಸತ್ಯವೇದವನ್ನೂ ಎರವಲು ತಂದು ಹೋಲಿಸಿ. ಎರಡರಲ್ಲೂ ಕಾಣದ ಅರ್ಥ ಮೆಸೇಜಿನಲ್ಲಿ ಕಂಡರೆ ಅದು ಬರೆದವನ ಕೈಚಳಕ. ಆಮೇಲೆ ದಿನಾಂಕ ನೋಡಿ. ಅಂತ್ಯದ ದಿನ ಇಂಥದ್ದು ಎಂದು ಹೇಳಿದ್ದರೆ ಮಾರ್ಕನ 13:32 ಸಾಕು: ಆ ದಿನವನ್ನು ದೂತರೂ ಅರಿಯರು, ಪುತ್ರನೂ ಅರಿಯನು. ಅಮೆರಿಕದ ವಿಲಿಯಂ ಮಿಲ್ಲರನ ಅನುಯಾಯಿಗಳು 1844ರ ಅಕ್ಟೋಬರ್ 22 ಎಂದು ಲೆಕ್ಕ ಹಾಕಿ ಕಾದರು. 23 ಎಂದಿನಂತೆ ಬೆಳಗಾಯಿತು. ಕೊನೆಗೆ, ಪ್ರವಾದನೆಯ ಕೆಳಗೆ ಹಣ ಕಳಿಸುವ ಕ್ಯೂಆರ್ ಕೋಡ್ ಇದೆಯೇ ನೋಡಿ. ಇದು ನನ್ನ ಕುಹಕವಲ್ಲ. ದರ್ಶನ, ಪವಾಡಗಳ ವಿಚಾರಣೆಗೆ ವ್ಯಾಟಿಕನ್ 2024ರ ಮೇ 17ರಂದು ಹೊರಡಿಸಿದ ನಿಯಮಾವಳಿಯಲ್ಲೇ ಲಾಭಕೋರತನವನ್ನು ಕೆಟ್ಟ ಗುರುತುಗಳ ಸಾಲಿಗೆ ಸೇರಿಸಿದ್ದಾರೆ. ಅದರಂತೆ ಧರ್ಮಾಧ್ಯಕ್ಷರು ವಿಚಾರಿಸಿ, ರೋಮ್ ಒಪ್ಪಿದ ಮೇಲೆ ಬರುವ ಅತ್ಯುತ್ತಮ ತೀರ್ಪು ಕೂಡ 'ಅಡ್ಡಿಯಿಲ್ಲ' ಎಂಬುದಷ್ಟೇ. ನಂಬಲೇಬೇಕೆಂಬ ಕಟ್ಟುಪಾಡು ಆಗಲೂ ಇಲ್ಲ.

ಅತ್ತೆಯವರ ಮಾತು ನನಗೆ ಇಷ್ಟವಾಯಿತು. ಲ್ಯಾಟಿನ್ ವಿಷಯದಲ್ಲಿ ಮಾತ್ರ ಅವರು ತಪ್ಪು. ರೋಮಿನ ಮೊದಲ ಕ್ರೈಸ್ತರು ಪೂಜೆ ಮಾಡುತ್ತಿದ್ದುದು ಗ್ರೀಕಿನಲ್ಲಿ. ಜನರಿಗೆ ಗ್ರೀಕ್ ಅರ್ಥವಾಗದಾದಾಗ, 4ನೇ ಶತಮಾನದ ಹೊತ್ತಿಗೆ, ಆಡುಮಾತಾಗಿದ್ದ ಲ್ಯಾಟಿನ್ ಬಂತು. 1963ರ ಡಿಸೆಂಬರ್ 4ರ ದಸ್ತಾವೇಜಿನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಲ್ಯಾಟಿನನ್ನು ಉಳಿಸಿ ಎಂದೇ ಹೇಳಿತು, ಜತೆಗೆ ಜನರ ಭಾಷೆಗೂ ಬಾಗಿಲು ತೆರೆಯಿತು. ಆದರೆ ಅವರ ಭಯ ಭಾಷೆಯದ್ದಲ್ಲ, ಅಮ್ಮಾ. ಕೈಗೆ ಕೊಟ್ಟದ್ದು ಕೈಜಾರೀತೆಂಬ ಭಯ. ಅದು ಆರೋಗ್ಯಕರ ಭಯ.

ಅವರಿಗೆ ನಿಸೇಯ ಮಹಾಸಭೆಯ ಕಥೆ ಹೇಳಿ. ಅಲೆಕ್ಸಾಂಡ್ರಿಯದ ಗುರು ಆರಿಯಸ್, ಪುತ್ರ ಇಲ್ಲದಿದ್ದ ಒಂದು ಕಾಲವಿತ್ತು ಎಂದ. ಅವನ ಪಕ್ಷದವರು ವಚನ ಬಿಟ್ಟು ಮಾತೇ ಆಡುತ್ತಿರಲಿಲ್ಲ. 325ರಲ್ಲಿ ಸೇರಿದ ಧರ್ಮಾಧ್ಯಕ್ಷರು ಬೈಬಲಿನ ಯಾವ ಪದ ಮುಂದಿಟ್ಟರೂ ಅವರು ಅದನ್ನು ತಮಗೆ ಬೇಕಾದಂತೆ ಓದಿಕೊಂಡು ತಲೆಯಾಡಿಸುತ್ತಿದ್ದರು. ಕೊನೆಗೆ ಮಹಾಸಭೆ ಬೈಬಲಿನಲ್ಲಿ ಇಲ್ಲದ ಪದವೊಂದನ್ನು ತಂದಿತು: ಹೊಮೊಊಸಿಯೋಸ್, ತಂದೆಯದೇ ತತ್ತ್ವದವನು. ಆ ಪದಕ್ಕೆ ಮಾತ್ರ ಅವರಿಂದ ತಲೆಯಾಡಿಸಲಾಗಲಿಲ್ಲ. ಹಳೆಯದನ್ನು ಕಾಪಾಡಿದ್ದು ಹೊಸ ಪದ. ಅಲ್ಲಿಗೂ ಮುಗಿಯಲಿಲ್ಲ. ಚಕ್ರವರ್ತಿಗಳು ಪಕ್ಷ ಬದಲಿಸಿದರು, ಬಹುಮತ ಅತ್ತಿತ್ತ ಹೊರಳಿತು, ನಿಸೇಯದ ಪರ ನಿಂತ ಅಥನಾಸಿಯಸ್ ಐದು ಸಲ ಗಡೀಪಾರಾದ. 381ರ ಕಾನ್‌ಸ್ಟಾಂಟಿನೋಪಲ್‌ ಮಹಾಸಭೆಯವರೆಗೆ, 56 ವರ್ಷ. ಎಣಿಸಿ ಹೇಳುವುದು ಏಕೆಂದರೆ ಇಂದು ಬಂದ ಮೆಸೇಜಿಗೆ ಸಂಜೆಯೊಳಗೆ ಆಮೆನ್ ಎಂದು ಬರೆದು ಹತ್ತು ಜನಕ್ಕೆ ಕಳಿಸಿ ಎನ್ನುತ್ತಾರೆ.

ಮಗನ ಮಾತಿನಲ್ಲೂ ಹುರುಳಿಲ್ಲದಿಲ್ಲ. ಮರಣದಂಡನೆ ಒಪ್ಪಲಾಗದ್ದು ಎಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ (ಕ್ಯಾಟಕಿಸಮ್) 2267ನೇ ಕಂಡಿಕೆಯನ್ನು 2018ರಲ್ಲಿ ತಿದ್ದಿದರು. ಅದು ಬೆಳವಣಿಗೆಯೋ ತಿರುವೋ ಎಂದು ಪಂಡಿತರೇ ಜಗಳವಾಡುತ್ತಿದ್ದಾರೆ. ಸರಿ, ಅಷ್ಟು ಅವನಿಗೆ ಬಿಟ್ಟುಕೊಡೋಣ. ಆದರೆ 'ಕಾಲ ಬದಲಾಯಿತು' ಎಂಬುದು ಕಾರಣವಲ್ಲ, ಬರೀ ವರದಿ. ಲೆರಿನ್ಸ್‌ನ ಸನ್ಯಾಸಿ ವಿನ್ಸೆಂಟ್ 434ರ ಸುಮಾರಿಗೇ ಇದನ್ನು ಬಿಡಿಸಿಟ್ಟ: ಮಗು ದೊಡ್ಡವನಾದರೂ ಅದೇ ಅಂಗಗಳು, ಗೋಧಿ ಬಿತ್ತಿದಲ್ಲಿ ಕಳೆ ಬರಬಾರದು. ನಮ್ಮೂರ ಲೆಕ್ಕದಲ್ಲಿ ಹೇಳುವುದಾದರೆ, ಅರೇಬಿಕಾ ಬಿತ್ತಿದ ಪಾತಿಯಲ್ಲಿ ರೊಬಸ್ಟಾ ಎದ್ದರೆ ಗಿಡ ಚೆನ್ನಾಗಿ ಬೆಳೆದಿದೆ ಎನ್ನುವುದಿಲ್ಲ, ಬೀಜ ಕಲಬೆರಕೆ ಎನ್ನುತ್ತೀರಿ. ಮಗನನ್ನು ಒಂದೇ ಪ್ರಶ್ನೆ ಕೇಳಿ: ನೀನು ಹೇಳುವ ಹೊಸದನ್ನು ಒಪ್ಪಿಕೊಂಡ ಮೇಲೆ ಭಾನುವಾರದ ವಿಶ್ವಾಸ ಪ್ರಮಾಣದಲ್ಲಿ ಯಾವ ಸಾಲು ಬಿಡಬೇಕಾಗುತ್ತದೆ? ಯಾವುದೂ ಇಲ್ಲವೆಂದರೆ ಕೂತು ಮಾತಾಡಬಹುದು. ಇದೆಯೆಂದರೆ ಅವನು ಬೋಧನೆಯನ್ನು ಬೆಳೆಸುತ್ತಿಲ್ಲ, ಬೇರೆಯದನ್ನು ನೆಡುತ್ತಿದ್ದಾನೆ.

ತೊಂದರೆಯೆಂದರೆ ಆ ಪ್ರಮಾಣದಲ್ಲಿ ಏನಿದೆಯೆಂದು ಎಷ್ಟು ಜನಕ್ಕೆ ಗೊತ್ತು? ಬಾಯಿ ಹೇಳುತ್ತದೆ, ಕಣ್ಣು ಗಡಿಯಾರ ನೋಡುತ್ತದೆ. ನಮ್ಮಲ್ಲಿ ಜ್ಞಾನೋಪದೇಶ ಶಾಲೆಯ ಜತೆಗೇ ಮುಗಿಯುತ್ತದೆ. ಆಮೇಲೆ ಐವತ್ತು ವರ್ಷ ಹದಿನೈದರ ಬುದ್ಧಿಯಲ್ಲೇ ವಿಶ್ವಾಸ. 50 ಕೆಜಿ ಕಾಫಿ ಚೆರ್ರಿ ಚೀಲ ಮಾರುವಾಗ ತೇವಾಂಶ ನೋಡಿ, ಔಟ್‌ಟರ್ನ್ (ಒಣಹಣ್ಣಿನಿಂದ ಸಿಗುವ ಬೀಜದ ಪ್ರಮಾಣ) ತೆಗೆದು, ಅರ್ಧ ಕೆಜಿಗೂ ವ್ಯಾಪಾರಿಯೊಡನೆ ವಾದಿಸುವ ಜನ ನಾವು. ಆತ್ಮದ ವಿಷಯದಲ್ಲಿ ಚೀಲ ಬಿಚ್ಚದೆಯೇ ರಸೀದಿಗೆ ಸಹಿ. 1792ರಲ್ಲಿ ವಿರಾಜಪೇಟೆಗೆ ಓಡಿಬಂದು, ಕೊಡಗಿನ ಅರಸ ವೀರರಾಜ ಕೊಟ್ಟ ನೆಲದಲ್ಲಿ ಸಂತ ಅನ್ನಮ್ಮನವರ ಗುಡಿ ಕಟ್ಟಿದ ಕೊಂಕಣಿ ಕುಟುಂಬಗಳು ಟಿಪ್ಪುವಿನ ಕಾಲದಲ್ಲಿ ಮನೆ-ಗದ್ದೆ ಬಿಟ್ಟು ಬಂದದ್ದು ಈ ವಿಶ್ವಾಸಕ್ಕಾಗಿ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಡಿಸಿ ಆಮೇಲೆ ಕೊಡಗಿಗೂ ಬಂದ ಬಾಸೆಲ್ ಮಿಷನ್ನಿನ ಪಾದ್ರಿ ಮೋಗ್ಲಿಂಗ್ ನಮ್ಮ ಪಂಥದವನಲ್ಲ, ಆದರೂ ಧರ್ಮದ ವಾದವನ್ನು ಕನ್ನಡದಲ್ಲಿ, ಅಚ್ಚಿನಲ್ಲಿ, ಹೆಸರು ಹಾಕಿ ಮಾಡಬೇಕೆಂದು ತಿಳಿದಿದ್ದ. ಇವತ್ತು ಹಬ್ಬಕ್ಕೆ ಶಾಮಿಯಾನಕ್ಕೂ ಧ್ವನಿವರ್ಧಕಕ್ಕೂ ದುಡ್ಡು ಹುಟ್ಟುತ್ತದೆ. ದೇವಾಲಯದ ಪುಸ್ತಕದ ಬೀರುವಿನ ಬೀಗದಕೈ ಯಾರ ಹತ್ತಿರ ಇದೆ ಎಂದು ಕೇಳಿದರೆ ಒಬ್ಬರು ಇನ್ನೊಬ್ಬರ ಮುಖ ನೋಡುತ್ತಾರೆ.

ಮೆಸೇಜುಗಳನ್ನು ಅಳಿಸಬೇಡಿ. ಬಂದ ದಿನಾಂಕ, ಅದು ಏನು ನಡೆಯುತ್ತದೆ ಎಂದಿತ್ತು, ಯಾವಾಗ ಎಂದಿತ್ತು, ಈ ಮೂರನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆರು ತಿಂಗಳ ಮೇಲೆ ಮೈದುನ ಊಟಕ್ಕೆ ಬಂದಾಗ ಅವರ ಕೈಗೇ ಕೊಟ್ಟು, ಮನೆಯವರೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಓದಲು ಹೇಳಿ.