ಬಣ್ಣ ಬಂತು ಅಂತ ಲಿಸ್ಟಿಗೆ ಸೇರಿಸೋದಾ?

ಮೂಡಿಗೆರೆ ಕಡೆಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: "ಕಪ್ಪು ನ್ಯೂಜಿಲೆಂಡ್ ತಳಿ ಮೊಲದ ಜೋಡಿಗೆ ಎಂಟು ಮರಿ ಆಯ್ತು, ಅದ್ರಲ್ಲಿ ಎರಡು ಬ್ಲೂ. ಸಾಕಿ ಬೆಳೆಸಿ ಶೋಗೆ ತಗೊಂಡೋದ್ರೆ ಜಡ್ಜ್ ಒಪ್ಪಿಗೆ ಸಿಕ್ಕಿರೋ ಬಣ್ಣಗಳ ಲಿಸ್ಟ್ ತೆಗೆದು ನೋಡಿ, ಈ ಬಣ್ಣ ಇಲ್ಲ ಅಂತ ಟೇಬಲ್ಲಿಂದ ಇಳಿಸಿಬಿಟ್ರು. ಪಕ್ಕದಲ್ಲಿದ್ದವರು ಕ್ರಾಸ್ ಮಾಲು ಅಂತ ನಕ್ಕರು. ಬ್ಲೂ, ಚಾಕಲೇಟ್, ಲೈಲ್ಯಾಕ್ (ಗುಲಾಬಿ ಛಾಯೆಯ ಬೂದು), ಬಂದ ಬಣ್ಣಾನೆಲ್ಲ ಒಪ್ಕೊಂಡ್ರೆ ಇವರ ಗಂಟೇನು ಹೋಗುತ್ತೆ?"

ಸಂಪಾದಕರ ಉತ್ತರ:

ಮೊದ್ಲು ನಮ್ಮ ತಪ್ಪು ಒಪ್ಕೋತೀನಿ ಮಾರಾಯ್ರೇ. ಜಡ್ಜ್ ಕೈಲಿದ್ದ ಆ ಲಿಸ್ಟು ನಮ್ಮ ಪತ್ರಿಕೇಲೇ ಬಂದಿದ್ದು, ಯಾರೋ ಜೆರಾಕ್ಸ್ ಮಾಡಿಸಿ ಇಟ್ಕೊಂಡಿದಾರೆ. ಅಮೆರಿಕದ ಮೊಲ ಸಾಕಣೆದಾರರ ಸಂಘ ಯಾವ ತಳಿಗೆ ಯಾವ ಮೈಕಟ್ಟು, ಯಾವ ಬಣ್ಣ ಅಂತ ಹೇಳೋ ಸ್ಟ್ಯಾಂಡರ್ಡ್ ಪುಸ್ತಕಾನ ಐದು ವರ್ಷಕ್ಕೊಂದು ಸಲ ಹೊಸದಾಗಿ ತರುತ್ತೆ, ನಾವು ಹಾಕಿದ್ದು 2011–15ರ ಪುಸ್ತಕದ್ದು, ನ್ಯೂಜಿಲೆಂಡ್ ತಳಿಗೆ ಬ್ಲೂ ಸೇರಿದ್ದು 2016ರಲ್ಲಿ. ಅಂದ್ರೆ ನಿಮ್ಮದು ಹೊಸ ಬಣ್ಣಾನೇ ಅಲ್ಲ, ಹಳೇದು ನಮ್ಮ ಲಿಸ್ಟು. ಆ ಎರಡು ಮೊಲ ಟೇಬಲ್ ಇಳೀಬೇಕಾಗಿರ್ಲಿಲ್ಲ.

ಕ್ರಾಸ್ ಮಾಲು ಅಂದೋರಿಗೂ ಒಂದು ಮಾತು. ಬ್ಲೂ ಅಂದ್ರೆ ಮಳೆ ಮೋಡದ ಬಣ್ಣ, ಕಪ್ಪನ್ನೇ ತೆಳು ಮಾಡಿದ್ದು. ತೆಳು ಮಾಡೋ ಆ ಗುಣ ಅಪ್ಪ ಅಮ್ಮ ಇಬ್ಬರಲ್ಲೂ ಒಂದೊಂದು ಪಾಲು ಅಡಗಿ ಕೂತಿದ್ರೆ ಇಬ್ಬರೂ ಅಚ್ಚ ಕಪ್ಪಾಗೇ ಕಾಣ್ತಾರೆ, ಮರೀಲಿ ಮಾತ್ರ ಸರಾಸರಿ ನಾಲ್ಕಕ್ಕೊಂದು ಬ್ಲೂ ಬರುತ್ತೆ. ನಿಮಗೆ ಎಂಟಕ್ಕೆರಡು ಬಂದಿದೆ, ಲೆಕ್ಕಾನೂ ಸರಿಯಾಗಿದೆ. ಎಷ್ಟು ತಲೆಮಾರಿಂದ ಅಡಗಿತ್ತೋ ಏನೋ.

ಇಲ್ಲೀವರೆಗೆ ನಾನು ನಿಮ್ಮ ಪರ. "ಬಂದ ಬಣ್ಣಾನೆಲ್ಲ" ಅಂತೀರಲ್ಲ, ಅಲ್ಲಿ ನನ್ನ ತಕರಾರಿದೆ.

ಹೋದ ವರ್ಷ ಹಾಸನದ ಹತ್ರದ ಒಬ್ರು ಚಾಕಲೇಟ್ ನ್ಯೂಜಿಲೆಂಡ್ ಬಂದಿದೆ ಬನ್ನಿ ಅಂತ ಫೋನ್ ಮಾಡಿದ್ರು, ನಾನೂ ಖುಷೀಲಿ ಹೋದೆ. ನೋಡಿದ್ರೆ ಬೆನ್ನು ಕಂದು, ಬಾಲದ ಹತ್ರ ಇನ್ನೂ ಕಂದು. ಮೊಲಾನ ತೊಡೆ ಮೇಲೆ ಕೂರಿಸ್ಕೊಂಡು ಬೆನ್ನಿನ ಕೂದಲಿಗೆ ಉಫ್ ಅಂತ ಊದಿದೆ, ಕೂದಲು ಹೂವಿನ ಥರ ಬಿಚ್ಕೊಂಡಾಗ ಬುಡದಲ್ಲಿ ಹೊಸ ಕೂದಲು ಕಪ್ಪಗೆ ಬರ್ತಾ ಇದೆ. ಟಾರ್ಚ್ ಬಿಟ್ಟು ಕಣ್ಣು ನೋಡಿದೆ, ನಿಜವಾದ ಚಾಕಲೇಟ್ ಆಗಿದ್ರೆ ಒಳಗಿಂದ ಮಾಣಿಕ್ಯದ ಥರ ಕೆಂಪು ಹೊಳೀಬೇಕು, ಇಲ್ಲಿ ಏನೂ ಇಲ್ಲ. ಗೂಡು ಪಡುವಣ ಬಿಸಿಲಿಗೆ ಮುಖ ಮಾಡಿತ್ತು, ಹಳೇ ಕೂದಲು ಉದುರೋ ಟೈಮು ಬೇರೆ. ಕಪ್ಪು ಮೊಲ ಬಿಸಿಲಿಗೆ ಕಂದಿತ್ತು, ಅಷ್ಟೇ. ಅವರ ಮನೇಲಿ ಕಾಫಿ ಕುಡ್ಕೊಂಡು ಬಂದೆ.

ಬಿಸಿಲು ಚಳಿಗೆ ಬಣ್ಣ ಬದಲಾಗೋದು ಕ್ಯಾಲಿಫೋರ್ನಿಯನ್ ತಳಿ ಸಾಕೋರಿಗೆ ಚೆನ್ನಾಗಿ ಗೊತ್ತು. ಅದರ ಮೂಗು, ಕಿವಿ, ಕಾಲು, ಬಾಲಕ್ಕೆ ಮಾತ್ರ ಕಪ್ಪು ಬರೋದು, ಯಾಕಂದ್ರೆ ಅಲ್ಲಿ ಮೈ ತಣ್ಣಗಿರುತ್ತೆ, ಬಣ್ಣ ಮಾಡೋ ಕಿಣ್ವ ತಣ್ಣಗಿದ್ದ ಕಡೆ ಮಾತ್ರ ಕೆಲಸ ಮಾಡುತ್ತೆ. ಒಂದೇ ಸೂಲಿನ ಎರಡು ಮರೀಲಿ ಒಂದನ್ನ ಚಳೀಲಿ ಮೂಡಿಗೆರೇಲಿ, ಇನ್ನೊಂದನ್ನ ಬೇಸಿಗೇಲಿ ಅರಸೀಕೆರೇಲಿ ಬೆಳೆಸಿದ್ರೆ ಮೂತಿಯ ಕಪ್ಪು ಒಂದೇ ಥರ ಇರಲ್ಲ. ಊರಿಗೊಂದು ಬಣ್ಣ ಅಂತ ಲಿಸ್ಟ್ ಮಾಡಕ್ಕಾಗುತ್ತಾ?

ನೀವು ಹೇಳಬಹುದು, ಚಾಕಲೇಟ್, ಲೈಲ್ಯಾಕ್ ಹಂಗಲ್ಲ, ಬೇರೆ ಬಣ್ಣದ ಗುಣ ಅಡಗಿಲ್ಲದಿದ್ರೆ ಲೈಲ್ಯಾಕಿಗೆ ಲೈಲ್ಯಾಕ್ ಕೂಡಿಸಿದಾಗ ಬರೀ ಲೈಲ್ಯಾಕೇ ಹುಟ್ಟುತ್ತೆ ಅಂತ. ನಿಜ. ಹಂಗೆ ನೋಡಿದ್ರೆ ಒಪ್ಪಿಗೆ ಸಿಕ್ಕಿರೋ ಬ್ರೋಕನ್ ಅನ್ನೋ ಬಣ್ಣಾನೇ ಹಂಗೆ ಹುಟ್ಟಲ್ಲ. ಬಿಳಿ ಮೇಲೆ ಬಣ್ಣದ ಮಚ್ಚೆ ಇರೋ ಬ್ರೋಕನ್ನಿಗೆ ಬ್ರೋಕನ್ ಕೂಡಿಸಿದ್ರೆ ನಾಲ್ಕಕ್ಕೊಂದು ಮರಿ ಚಾರ್ಲಿ ಆಗುತ್ತೆ, ಮೈಯೆಲ್ಲ ಬಿಳಿ, ಅಲ್ಲೊಂದು ಇಲ್ಲೊಂದು ಮಚ್ಚೆ. ಬಣ್ಣ ಹತ್ತು ಪರ್ಸೆಂಟಿಗಿಂತ ಕಮ್ಮಿ ಇದ್ರೆ ಶೋಲಿ ಔಟ್. ಅದಾದ್ರೂ ಹೋಗ್ಲಿ ಅನ್ಬಹುದು, ಆದ್ರೆ ಈ ಚಾರ್ಲಿಗಳಲ್ಲಿ ಎಷ್ಟೋ ಮೊಲಕ್ಕೆ ದೊಡ್ಡ ಕರುಳು ಸರಿಯಾಗಿ ಕೆಲಸಾನೇ ಮಾಡಲ್ಲ, ಹಿಕ್ಕೆ ಅಡ್ಡಾದಿಡ್ಡಿಯಾಗಿ ಬರುತ್ತೆ, ಹೊಟ್ಟೆ ಉಬ್ಬುತ್ತೆ, ನರಳಿ ಸಾಯುತ್ತೆ. ಬ್ರೋಕನ್ನಿಗೆ ಒಂದೇ ಬಣ್ಣದ ಮೊಲ ಕೂಡಿಸಿದ್ರೆ ಚಾರ್ಲಿ ಹುಟ್ಟೋದೇ ಇಲ್ಲ, ಅಷ್ಟು ಸುಲಭ. ಆದ್ರೆ ಕಪ್ ಬಂತು ಅಂತ ಗೊತ್ತಾದ ಮೇಲೆ ಬ್ರೋಕನ್ನಿಗೆ ಬ್ರೋಕನ್ನೇ ಕಟ್ಟೋರನ್ನ ನಾನು ಕಣ್ಣಾರೆ ನೋಡಿದೀನಿ. ಬಣ್ಣಾನ ಲಿಸ್ಟಿಗೆ ಸೇರಿಸೋದು ಅಂದ್ರೆ ನೂರು ಮನೇಲಿ ಅದನ್ನ ಹುಟ್ಟಿಸಿ ಅಂತ ಹೇಳಿದ ಹಂಗೆ, ನನ್ನ ಹೆದರಿಕೆ ಇಷ್ಟೇ.

ಲಯನ್‌ಹೆಡ್ ಅನ್ನೋ ಮೊಲದ ತಳಿ ನೋಡಿ. ಸಾಕೋರ ಮನೇಲಿ ಎಷ್ಟೋ ಬಣ್ಣದಲ್ಲಿತ್ತು, ಆದ್ರೂ 2014ರಲ್ಲಿ ಅಮೆರಿಕದಲ್ಲಿ ತಳಿ ಅಂತ ಒಪ್ಪಿಗೆ ಸಿಕ್ಕಾಗ ಒಳಗೆ ಬಿಟ್ಟಿದ್ದು ಎರಡೇ, ಟಾರ್ಟಾಯ್ಸ್ (ಕಿತ್ತಳೆ ಕಂದಿನ ಮೇಲೆ ಗಾಢ ಛಾಯೆ) ಮತ್ತೆ ಕೆಂಪು ಕಣ್ಣಿನ ಬಿಳಿ. ಮಿಕ್ಕಿದ್ದು ಕಾಯಬೇಕಾಯ್ತು. ಕಾದಿದ್ದಕ್ಕೆ ಯಾವ ಮೊಲಾನೂ ಬೇಜಾರು ಮಾಡ್ಕೊಂಡಿಲ್ಲ, ಮಾಡ್ಕೊಂಡಿದ್ದು ಸಾಕೋರು.

ಬಣ್ಣ ಒಂದು ಸೂಲಲ್ಲಿ ಬಂದುಬಿಡುತ್ತೆ ಕಣ್ರೀ, ಮೈಕಟ್ಟು ತರೋಕೆ ವರ್ಷಗಟ್ಲೆ ಬೇಕು. ಜಾತ್ರೇಲಿ ಹಳ್ಳಿಕಾರ್ ಎತ್ತು ನೋಡೋ ನಮ್ಮ ಹಿರಿಯರು ಸುಳಿ, ಕೊಂಬು, ಗೊರಸು ಎಲ್ಲಾ ನೋಡಿ, ನಾಲ್ಕು ಹೆಜ್ಜೆ ನಡೆಸಿ, ಆಮೇಲೆ ತಾನೇ ಟವೆಲ್ ಕೆಳಗೆ ಕೈ ಹಾಕೋದು. ಹಂಗೇ ಚಾಕಲೇಟು ಲೈಲ್ಯಾಕು ಶೋಗೆ ಬರ್ಲಿ, ಬೇರೆ ಟೇಬಲ್ ಹಾಕ್ಲಿ, ಜಡ್ಜ್ ಮುಟ್ಟಿ ನೋಡಿ ಬರೆದು ಕೊಡ್ಲಿ, ಕಪ್ ಮಾತ್ರ ಈಗ್ಲೇ ಬೇಡ. ಮೂರ್ನಾಲ್ಕು ಬೇರೆ ಬೇರೆ ಮನೇಲಿ, ಎರಡು ಮೂರು ತಲೆಮಾರು, ಅದೇ ಮೈಕಟ್ಟಲ್ಲಿ ಗಟ್ಟಿಮುಟ್ಟಾಗಿ ಹುಟ್ಟಿದ್ರೆ ಆಗ ನಾನೇ ಮುಂದೆ ನಿಂತು ವಾದ ಮಾಡ್ತೀನಿ.

ಮುಂದಿನ ಸಂಚಿಕೇಲಿ ಹೊಸ ಲಿಸ್ಟ್ ಹಾಕ್ತೀವಿ, ಜೆರಾಕ್ಸ್ ಇಟ್ಕೊಂಡಿರೋರು ಹಳೇದನ್ನ ಹರಿದು ಬಿಸಾಕಿ. ಮತ್ತೆ ಸ್ವಾಮಿ, ನಾಲ್ಕು ಪುಟದಲ್ಲಿ ಬ್ಲೂ ಎಷ್ಟು ಚೆನ್ನಾಗಿದೆ ಅಂತ ಬರೆದಿದೀರ, ತೂಕ ಎಷ್ಟು ಅಂತ ಒಂದು ಕಡೇನೂ ಇಲ್ಲ. ಬೆಳೆದ ಗಂಡಾದ್ರೆ ನಾಲ್ಕರಿಂದ ಐದು ಕೆಜಿ, ಹೆಣ್ಣಾದ್ರೆ ಇನ್ನೊಂದರ್ಧ ಕೆಜಿ ಜಾಸ್ತಿ ತೂಗಬೇಕು. ತೂಗಿ ಒಂದು ಕಾರ್ಡ್ ಹಾಕಿ.