ಕಪ್ಪು ಕರಡಿ, ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಎರಡಕ್ಕೂ ಒಂದೇ ಬಗೆಯ ಬುಲೆಟ್ ಸಾಕಾ?

ಅಮೆರಿಕದ ಐಡಾಹೊ ರಾಜ್ಯದಲ್ಲಿ .30-06 ಅಳತೆಯ ಗುಂಡಿನ ರೈಫಲ್ ಹಿಡಿದು ಎರಡನ್ನೂ ಬೇಟೆಯಾಡಲು ಒಂದೇ ಬಗೆಯ ಬುಲೆಟ್ ಸಾಕು. ಆದರೆ ಎಲ್ಕ್‌ಗೆ ತಕ್ಕಂತೆ ಆರಿಸಿ. ದೊಡ್ಡ ಗಂಡು ಎಲ್ಕ್ 300 ಕಿಲೋ ದಾಟುತ್ತದೆ, ಭುಜದ ಮೂಳೆಯೂ ದಪ್ಪ. ಸಣ್ಣ ಜಿಂಕೆಗೆಂದು ಮಾಡಿದ ಮೆದು ಬುಲೆಟ್ ಹತ್ತಿರದಿಂದ ಮೂಳೆಗೆ ಬಡಿದರೆ ಆಳಕ್ಕೆ ಇಳಿಯುವ ಮೊದಲೇ ಚೂರಾಗಬಹುದು. ಹಾಗಾಗಿ ಸೀಸವನ್ನು ಹೊದಿಕೆಗೆ ಬೆಸೆದಿರುವ 180 ಗ್ರೇನ್ (ಸುಮಾರು 11.7 ಗ್ರಾಂ) ತೂಕದ ಬಾಂಡೆಡ್ ಬುಲೆಟ್ ಅಥವಾ ಒಳಗೆ ಅಡ್ಡಗೋಡೆ ಇರುವ ನೋಸ್ಲರ್ ಪಾರ್ಟಿಷನ್ ಬುಲೆಟ್ ತಗೊಳ್ಳಿ. ಪೂರ್ತಿ ತಾಮ್ರದ್ದಾದರೆ 165 ಗ್ರೇನ್ ಸಾಕು, ಅದು ಒಡೆಯುವುದು ಕಡಿಮೆ. ನನಗೆ ತಾಮ್ರವೇ ಇಷ್ಟ. ಕಾಡಲ್ಲಿ ಬಿಟ್ಟ ಕರುಳು ತಿನ್ನುವ ಹದ್ದುಗಳ ಹೊಟ್ಟೆಗೆ ಸೀಸ ಹೋಗುವುದಿಲ್ಲ, ಅಲ್ವಾ?

ಕರಡಿಗೆ ಹೊಡೆದಾಗ ಬುಲೆಟ್ ಆಚೆ ಬದಿಯಿಂದ ಹೊರಗೆ ಬರಬೇಕು. ಕೊಬ್ಬು ತೂತನ್ನು ಮುಚ್ಚುತ್ತದೆ, ದಟ್ಟ ಕೂದಲು ರಕ್ತ ಹೀರುತ್ತದೆ. ಒಂದೇ ತೂತಿದ್ದರೆ ಜಾಡು ಸಿಗುವುದು ಕಷ್ಟ, ಪ್ರಾಣಿ ಎಲ್ಲೋ ಪೊದೆಯಲ್ಲಿ ನರಳುತ್ತದೆ.