ಗೇಮ್ ಪ್ರಶ್ನೋತ್ತರ: ಎಂಡರ್‌ಮನ್ ಯಾವ ಗುಂಪಿಗೆ ಸೇರಿದ್ದು?

ಈ ಸಲದ ಪ್ರಶ್ನೆಗಳಲ್ಲಿ ಮೈನ್‌ಕ್ರಾಫ್ಟ್ ಆಟದ ಮಾಬ್‌ಗಳ, ಅಂದರೆ ಅದರಲ್ಲಿ ಓಡಾಡುವ ಪ್ರಾಣಿ, ರಾಕ್ಷಸರ ಬಗ್ಗೆ ಕೇಳಿದವರೇ ಜಾಸ್ತಿ. ಹಾಗಾಗಿ ಅವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಆಟಕ್ಕೆ ಜಾವಾ, ಬೆಡ್‌ರಾಕ್ ಅಂತ ಎರಡು ಆವೃತ್ತಿ ಇವೆ; ಇಲ್ಲಿರುವ ಅಂಕಿಗಳೆಲ್ಲ ಜಾವಾ ಎಡಿಷನ್‌ನವು. ನೀವು ಬೆಡ್‌ರಾಕ್ ಆಡುವವರಾದರೆ ಕೆಲವು ಕಡೆ ವ್ಯತ್ಯಾಸ ಇರುತ್ತದೆ.

ಪ್ರಶ್ನೆ: ಮಾಬ್‌ಗಳಲ್ಲಿ ಪ್ಯಾಸಿವ್, ನ್ಯೂಟ್ರಲ್, ಹಾಸ್ಟೈಲ್ ಅಂತ ಮೂರು ಬಗೆ ಅಂತ ಓದಿದ್ದೆ. ತೋಳ ಮತ್ತು ಎಂಡರ್‌ಮನ್ ಎರಡೂ ನ್ಯೂಟ್ರಲ್. ಆದರೆ ಆಟವನ್ನು ರಾಕ್ಷಸರ ಕಾಟ ಇಲ್ಲದ ಪೀಸ್‌ಫುಲ್ ಮಟ್ಟಕ್ಕೆ ಹಾಕಿದರೆ ತೋಳ ಅಲ್ಲೇ ಇರುತ್ತದೆ, ಎಂಡರ್‌ಮನ್ ಮಾಯವಾಗುತ್ತದೆ. ಒಂದೇ ಗುಂಪಿನವಕ್ಕೆ ಹೀಗೇಕೆ ಬೇರೆ ಬೇರೆ ನ್ಯಾಯ?

ಉತ್ತರ: ಒಳ್ಳೆಯ ಜಾಗಕ್ಕೇ ಕೈ ಹಾಕಿದ್ದೀರಿ. ನೀವು ಓದಿದ ಮೂರು ಬಗೆ ಇರುವುದು ಮಾಬ್ ನಿಮ್ಮ ಜೊತೆ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದರ ಮೇಲೆ. ಪ್ಯಾಸಿವ್ ಆದ ಹಸು, ಕುರಿ, ಕೋಳಿ ಹೊಡೆದರೂ ತಿರುಗಿ ಬೀಳುವುದಿಲ್ಲ, ಓಡಿ ಹೋಗುತ್ತವೆ. ಹಾಸ್ಟೈಲ್ ಆದ ಝಾಂಬಿ, ಕ್ರೀಪರ್ ನಿಮ್ಮನ್ನು ಕಂಡ ಕೂಡಲೇ ಮೈಮೇಲೆ ಬರುತ್ತವೆ. ನಡುವಿನವು, ಅಂದರೆ ನ್ಯೂಟ್ರಲ್, ಕೆಣಕಿದರೆ ಮಾತ್ರ. ಕೆಣಕುವುದು ಅಂದರೆ ಏನು ಅನ್ನುವುದೂ ಒಂದೊಂದಕ್ಕೆ ಒಂದೊಂದು ಥರ: ತೋಳಕ್ಕೆ ಹೊಡೆಯಬೇಕು, ಎಂಡರ್‌ಮನ್‌ನ ಕಣ್ಣಿಗೆ ಕಣ್ಣಿಟ್ಟು ನೋಡಿದರೆ ಸಾಕು, ಹಿಮಕರಡಿಯ ಮರಿ ಪಕ್ಕದಲ್ಲಿದ್ದರೆ ನೀವು ಸುಮ್ನೆ ಹತ್ತಿರ ಹೋದರೂ ಅದು ಬಿಡುವುದಿಲ್ಲ.

ಆಟ ತನ್ನೊಳಗೆ ಇಟ್ಟುಕೊಂಡಿರುವ ಲೆಕ್ಕ ಬೇರೆ. ಅಲ್ಲಿ ಎಂಡರ್‌ಮನ್ ಇರುವುದು ರಾಕ್ಷಸರ ಪಟ್ಟಿಯಲ್ಲಿ, ಝಾಂಬಿ ಮತ್ತು ಸ್ಕೆಲಿಟನ್ ಪಕ್ಕದಲ್ಲೇ. ಕತ್ತಲಲ್ಲಿ ಹುಟ್ಟುತ್ತದೆ, ನೀವು 128 ಬ್ಲಾಕ್‌ಗಿಂತ ದೂರ ಹೋದರೆ ಅಳಿಸಿ ಹೋಗುತ್ತದೆ, ಪೀಸ್‌ಫುಲ್‌ನಲ್ಲಿ ಉಳಿಯುವುದಿಲ್ಲ. ತೋಳ, ಹಿಮಕರಡಿ ಇರುವುದು ಹಸು, ಹಂದಿಗಳ ಪಟ್ಟಿಯಲ್ಲಿ. ಪೀಸ್‌ಫುಲ್ ಅಂದಾಗ ಆಟ ನೋಡುವುದು ಈ ಎರಡನೆಯ ಲೆಕ್ಕವನ್ನು. ಯಾರು ಸಾಧು, ಯಾರು ಕೋಪಿಷ್ಟ ಅಂತ ಅದು ಕೇಳುವುದೇ ಇಲ್ಲ.

ಇದಕ್ಕೆ ಚೆನ್ನಾದ ಉದಾಹರಣೆ ಬೇಕಿದ್ದರೆ ನೆದರ್ ಅನ್ನುವ ಪಾತಾಳ ಲೋಕದ ಝಾಂಬಿಫೈಡ್ ಪಿಗ್ಲಿನ್ ನೋಡಿ. ನಡವಳಿಕೆಯಲ್ಲಿ ನ್ಯೂಟ್ರಲ್: ಪಕ್ಕದಲ್ಲೇ ಹಾದು ಹೋದರೂ ತಿರುಗಿ ನೋಡುವುದಿಲ್ಲ, ಒಂದಕ್ಕೆ ಹೊಡೆದಿರೋ, ಸುತ್ತಲಿನ ಅಷ್ಟೂ ಚಿನ್ನದ ಕತ್ತಿ ಹಿಡಿದು ಬೆನ್ನು ಹತ್ತುತ್ತವೆ. ಪಟ್ಟಿಯಲ್ಲಿ ರಾಕ್ಷಸ. ಜಾತಿಯಲ್ಲಿ ಸತ್ತು ಎದ್ದದ್ದು (ಜಾತಿಯ ವಿಷಯ ಮುಂದೆ ಬರುತ್ತದೆ). ಮೂರೂ ಸರಿ, ಮೂರಕ್ಕೂ ಒಂದಕ್ಕೊಂದು ಸಂಬಂಧ ಇಲ್ಲ. ಹೊಸದಾಗಿ ಆಡುವವರಿಗೆ ಮೊದಲ ರಾತ್ರಿ ಕಳೆಯುವುದಕ್ಕೆ ಪ್ಯಾಸಿವ್–ನ್ಯೂಟ್ರಲ್–ಹಾಸ್ಟೈಲ್ ಸಾಕು, ಆದರೆ ಅದನ್ನೇ ಹಿಡಿದುಕೊಂಡು ಆಟದ ಉಳಿದ ನಿಯಮಗಳನ್ನು ಅರ್ಥ ಮಾಡಿಕೊಳ್ಳಲು ಹೋದರೆ ಹೆಜ್ಜೆ ಹೆಜ್ಜೆಗೂ ಗೊಂದಲ ಆಗುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಪ್ರಶ್ನೆ: ಜೇಡ ಹಗಲು ಏನೂ ಮಾಡಲ್ಲ ಅಂತಾರೆ. ನನ್ನನ್ನು ಮಾತ್ರ ಬೆಳಗಾದ ಮೇಲೂ ಅಟ್ಟಿಸಿಕೊಂಡು ಬಂತು. ಇನ್ನೊಂದು ದಿನ ಚಾವಣಿ ಮೇಲೆ ಕೂತಿದ್ದ ಜೇಡದಿಂದ ರಾತ್ರಿ ಮಲಗುವುದಕ್ಕೂ ಆಗಲಿಲ್ಲ.

ಉತ್ತರ: ಜೇಡ ನೋಡುವುದು ಗಡಿಯಾರ ಅಲ್ಲ, ಬೆಳಕು. ಅದು ನಿಂತ ಜಾಗದಲ್ಲಿ ಬೆಳಕಿನ ಮಟ್ಟ 12 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಹೊಸದಾಗಿ ಯಾರ ತಂಟೆಗೂ ಹೋಗುವುದಿಲ್ಲ. ಹಾಗಂತ ಕತ್ತಲಲ್ಲಿ ನಿಮ್ಮ ಬೆನ್ನು ಹತ್ತಿದ ಜೇಡ ಬೆಳಗಾದ ಕೂಡಲೇ ಕೈಬಿಡಬೇಕು ಅಂತೇನಿಲ್ಲ, ಅದಕ್ಕೆ ಸ್ವಲ್ಪ ಹೊತ್ತು ಬೇಕು. ಹಾಗೆಯೇ ಹಗಲಲ್ಲೂ ಗುಹೆಯೊಳಗೆ ಅದು ಪಕ್ಕಾ ಹಾಸ್ಟೈಲ್.

ಮಲಗುವ ವಿಷಯಕ್ಕೆ ಮತ್ತೆ ಅದೇ ರಾಕ್ಷಸರ ಪಟ್ಟಿ. ಹಾಸಿಗೆಯಿಂದ ಅಡ್ಡಕ್ಕೆ 8 ಬ್ಲಾಕ್, ಮೇಲೆ ಕೆಳಗೆ 5 ಬ್ಲಾಕ್ ಒಳಗೆ ಆ ಪಟ್ಟಿಯ ಯಾವುದಾದರೂ ಇದ್ದರೆ ಆಟ ಮಲಗಲು ಬಿಡುವುದಿಲ್ಲ. ನಡುವೆ ಗೋಡೆ ಇದ್ದರೂ ಅಷ್ಟೇ, ಚಾವಣಿ ಇದ್ದರೂ ಅಷ್ಟೇ. ಇದರಲ್ಲೂ ಒಂದು ವಿನಾಯಿತಿ ಉಂಟು: ನಿಮ್ಮ ಮೇಲೆ ಕೋಪ ಇಲ್ಲದ ಝಾಂಬಿಫೈಡ್ ಪಿಗ್ಲಿನ್ ಪಕ್ಕದಲ್ಲಿ ನಿಂತಿದ್ದರೂ ನಿದ್ದೆಗೆ ಅಡ್ಡಿ ಇಲ್ಲ.

ಪ್ರಶ್ನೆ: ಕತ್ತಿಗೆ ಸ್ಮೈಟ್ ಹಾಕಲೋ, ಶಾರ್ಪ್‌ನೆಸ್ ಹಾಕಲೋ, ಬೇನ್ ಆಫ್ ಆರ್ಥ್ರೋಪಾಡ್ಸ್ ಹಾಕಲೋ?

ಉತ್ತರ: ಈ ಮೂರೂ ಕತ್ತಿಯ ಹೊಡೆತ ಹೆಚ್ಚಿಸುವ ಮಂತ್ರಗಳು. ಇಲ್ಲಿ ಮೂರನೆಯ ಲೆಕ್ಕ ಬರುತ್ತದೆ, ಅದು ಜಾತಿ. ಸ್ಮೈಟ್ ಕೆಲಸ ಮಾಡುವುದು ಸತ್ತು ಎದ್ದವುಗಳ ಮೇಲೆ: ಝಾಂಬಿ, ಸ್ಕೆಲಿಟನ್, ಡ್ರೌನ್ಡ್, ಫ್ಯಾಂಟಮ್, ಹಾಗೂ ಬಾಸ್ ಆದ ವಿದರ್ ಕೂಡ. ಒಂದೊಂದು ಹಂತಕ್ಕೂ 2.5 ಅಂಕ ಹೊಡೆತ ಜಾಸ್ತಿ, ಐದನೇ ಹಂತಕ್ಕೆ 12.5. ಅದೇ ಶಾರ್ಪ್‌ನೆಸ್ ಐದನೇ ಹಂತ ಕೊಡುವುದು 3 ಅಂಕ, ಆದರೆ ಎಲ್ಲರ ಮೇಲೂ ಕೊಡುತ್ತದೆ. ನೆದರೈಟ್ ಕತ್ತಿಗೆ ಸ್ಮೈಟ್ ಐದು ಇದ್ದು ಪೂರ್ತಿ ಬೀಸಿ ಹೊಡೆದರೆ 20 ಅಂಕ ಜೀವದ ಸ್ಕೆಲಿಟನ್ ಒಂದೇ ಏಟಿಗೆ ಬೀಳುತ್ತದೆ. ಕ್ರೀಪರ್ ಮೇಲೆ ಸ್ಮೈಟ್‌ನಿಂದ ಒಂದು ಅಂಕವೂ ಹೆಚ್ಚು ಬರುವುದಿಲ್ಲ.

ಬೇನ್ ನಡೆಯುವುದು ಐದರ ಮೇಲೆ: ಜೇಡ, ಗುಹೆ ಜೇಡ, ಸಿಲ್ವರ್‌ಫಿಶ್, ಎಂಡರ್‌ಮೈಟ್, ಜೇನುನೊಣ. ಜೇನುನೊಣ ಹೊಡೆಯಲು ವಿಶೇಷ ಕತ್ತಿ ಯಾರಿಗೆ ಬೇಕು ಹೇಳಿ! ಒಂದೇ ಕತ್ತಿ ಇದ್ದರೆ ಶಾರ್ಪ್‌ನೆಸ್, ಎರಡನೆಯದಕ್ಕೆ ಸ್ಮೈಟ್. ಬೇನ್ ಪುಸ್ತಕ ಸಿಕ್ಕರೆ ಪೆಟ್ಟಿಗೆಯಲ್ಲೇ ಇರಲಿ.

ಜಾತಿಯ ಇನ್ನೊಂದು ಪರಿಣಾಮ ನೆನಪಿಡಿ. ಸತ್ತು ಎದ್ದವಕ್ಕೆ ಮದ್ದು ಉಲ್ಟಾ. ನಮ್ಮನ್ನು ಗುಣಪಡಿಸುವ ಹೀಲಿಂಗ್ ಮದ್ದನ್ನು ಎರಚಿದರೆ ಝಾಂಬಿಗೆ ಪೆಟ್ಟು, ಹಾರ್ಮಿಂಗ್ ಎರಚಿದರೆ ಅದು ಚೇತರಿಸಿಕೊಳ್ಳುತ್ತದೆ. ವಿಷ ಅವಕ್ಕೆ ತಾಗುವುದೇ ಇಲ್ಲ.

ನೀರಿನ ಜೀವಿಗಳದ್ದು ಇನ್ನೊಂದು ತಮಾಷೆ. ಟ್ರೈಡೆಂಟ್ ಅನ್ನುವ ತ್ರಿಶೂಲ ಸಿಗುವುದು ನೀರಲ್ಲಿರುವ ಝಾಂಬಿಯಾದ ಡ್ರೌನ್ಡ್‌ನಿಂದ, ಅದಕ್ಕೆ ನೀರಿನ ಜೀವಿಗಳಿಗೆ ಹೆಚ್ಚು ಪೆಟ್ಟು ಕೊಡುವ ಇಂಪೇಲಿಂಗ್ ಮಂತ್ರ ಹಾಕಬಹುದು, ಆದರೆ ಜಾವಾದಲ್ಲಿ ಆ ಇಂಪೇಲಿಂಗ್‌ನಿಂದ ಡ್ರೌನ್ಡ್‌ಗೇ ಹೆಚ್ಚಿನ ಪೆಟ್ಟು ಬೀಳುವುದಿಲ್ಲ. ನೀರಲ್ಲೇ ಬಿದ್ದುಕೊಂಡಿದ್ದರೂ ಅದು ಸತ್ತು ಎದ್ದ ಜಾತಿ, ಮೀನು, ಡಾಲ್ಫಿನ್, ಗಾರ್ಡಿಯನ್‌ಗಳ ಜಾತಿ ಅಲ್ಲ. ಬೆಡ್‌ರಾಕ್‌ನವರು ಜಾತಿಯನ್ನು ಬಿಟ್ಟು ಜಾಗ ನೋಡುತ್ತಾರೆ: ನೀರಲ್ಲೋ ಮಳೆಯಲ್ಲೋ ಇರುವ ಯಾವುದಕ್ಕಾದರೂ ಪೆಟ್ಟು ಜಾಸ್ತಿ. ನನ್ನನ್ನು ಕೇಳಿದರೆ ಅದೇ ಸರಿ. ಮೊದಲು ಜಾವಾದಲ್ಲಿ ಒಂದು ಮಾಬ್‌ಗೆ ಒಂದೇ ಜಾತಿ ಇತ್ತು. 2024ರಲ್ಲಿ ಬಂದ 1.20.5 ಆವೃತ್ತಿಯಿಂದ ಟ್ಯಾಗ್ ಪದ್ಧತಿ, ಅಂದರೆ ಹೆಸರಿನ ಚೀಟಿ ಅಂಟಿಸಿದ ಹಾಗೆ ಗುಂಪು ಮಾಡುವುದು ಬಂತು, ಒಂದೇ ಮಾಬ್ ಹಲವು ಟ್ಯಾಗ್‌ಗಳಲ್ಲಿ ಇರಬಹುದು, ಡೇಟಾ ಪ್ಯಾಕ್ (ಆಟದ ನಿಯಮ ಬದಲಿಸುವ ಕಡತಗಳು) ಮಾಡುವವರು ಬೇಕಾದ ಹಾಗೆ ಬದಲಾಯಿಸಿಕೊಳ್ಳಬಹುದು.

ಪ್ರಶ್ನೆ: ರಾಕ್ಷಸರು ಎಷ್ಟು ಕೊಂದರೂ ಬರುತ್ತಲೇ ಇರುತ್ತಾರೆ, ಹಸು ಮಾತ್ರ ಹೊಸದಾಗಿ ಒಂದೂ ಕಾಣುವುದಿಲ್ಲ. ನನ್ನ ಆಟ ಕೆಟ್ಟಿದೆಯಾ?

ಉತ್ತರ: ಕೆಟ್ಟಿಲ್ಲ. ಪ್ರತಿ ಪಟ್ಟಿಗೂ ಒಂದು ಮಿತಿ ಇದೆ. ಒಬ್ಬರೇ ಆಡುವಾಗ ರಾಕ್ಷಸರಿಗೆ 70, ಹಸು, ಕುರಿ ಮುಂತಾದವಕ್ಕೆ 10. ಬಾವಲಿಗೆ ಪ್ರತ್ಯೇಕ 15 ಕೊಟ್ಟಿದ್ದಾರೆ, ಏನು ಉಪಕಾರಕ್ಕೋ ಗೊತ್ತಿಲ್ಲ! ರಾಕ್ಷಸರನ್ನು ಹುಟ್ಟಿಸಲು ಆಟ ಸೆಕೆಂಡಿಗೆ 20 ಸಲ ಪ್ರಯತ್ನಿಸುತ್ತದೆ, ಪ್ರಾಣಿಗಳಿಗೆ 20 ಸೆಕೆಂಡಿಗೆ ಒಂದು ಸಲ. ಸಾಲದ್ದಕ್ಕೆ ನೀವು ಬೇಲಿ ಹಾಕಿ ಸಾಕಿಕೊಂಡ ಹಸುಗಳೂ ಆ ಹತ್ತರ ಲೆಕ್ಕಕ್ಕೇ ಬೀಳುತ್ತವೆ. ಪ್ರಾಣಿಗಳು ಬಹುಪಾಲು ಹೊಸ ಜಾಗ ತೆರೆದುಕೊಳ್ಳುವಾಗಲೇ ಬಂದು ನಿಂತಿರುತ್ತವೆ. ಹಾಗಾಗಿ ದೂರ ಹೋಗಿ ಹೊಸ ಬಯಲು ಹುಡುಕಿ, ಅಥವಾ ಇರುವ ಎರಡಕ್ಕೆ ಗೋಧಿ ತಿನ್ನಿಸಿ ಮರಿ ಮಾಡಿಸಿ. ರಾಕ್ಷಸರ ಕಾಟಕ್ಕೆ ಟಾರ್ಚ್ ಇಡಿ: 2021ರ 1.18 ಆವೃತ್ತಿಯಿಂದ ಈಚೆಗೆ ಸಾಮಾನ್ಯ ಜಗತ್ತಿನಲ್ಲಿ ಝಾಂಬಿ, ಸ್ಕೆಲಿಟನ್ ಥರದವು ಹುಟ್ಟಬೇಕಾದರೆ ಆ ಬ್ಲಾಕ್ ಮೇಲೆ ಟಾರ್ಚ್ ಬೆಳಕು ಸೊನ್ನೆ ಇರಬೇಕು. ಮೊದಲಿನಷ್ಟು ಒತ್ತೊತ್ತಾಗಿ ಇಡಬೇಕಾಗಿಲ್ಲ.

ಪ್ರಶ್ನೆ: ನೆದರ್‌ನ ಹಂದಿಯಂಥ ಹಾಗ್ಲಿನ್ ನಮ್ಮನ್ನು ಕಂಡರೆ ಹಾಯುತ್ತದೆ. ಅದನ್ನೂ ಸಾಕಬಹುದು ಅಂತ ನನ್ನ ತಂಗಿ ವಾದ ಮಾಡುತ್ತಾಳೆ.

ಉತ್ತರ: ತಂಗಿಯ ಮಾತು ಅರ್ಧ ಸರಿ. ಕ್ರಿಮ್ಸನ್ ಫಂಗಸ್ ತಿನ್ನಿಸಿದರೆ ಹಾಗ್ಲಿನ್ ಮರಿ ಹಾಕುತ್ತದೆ, ಆದರೆ ಪಳಗುವುದಿಲ್ಲ. ತಿನ್ನಿಸಿದ ಕೈಗೇ ಗುದ್ದುತ್ತದೆ. ನೆದರ್‌ನಿಂದ ಹೊರಗೆ ಮಾತ್ರ ತರಬೇಡಿ. 15 ಸೆಕೆಂಡಿನಲ್ಲಿ ಝಾಗ್ಲಿನ್ ಆಗುತ್ತದೆ, ಅಂದರೆ ಜಾತಿಯೇ ಬದಲಾಗಿ ಸತ್ತು ಎದ್ದದ್ದಾಗುತ್ತದೆ. ಆಮೇಲೆ ಮರಿಯೂ ಇಲ್ಲ, ಎದುರಿಗೆ ಬಂದ ಹೆಚ್ಚುಕಡಿಮೆ ಎಲ್ಲದರ ಮೇಲೂ ಬೀಳುತ್ತದೆ. ಆಗ ನಿಮ್ಮ ಸ್ಮೈಟ್ ಕತ್ತಿ ತೆಗೆಯಬಹುದು.

ಪ್ರಶ್ನೆ: ಪಫರ್‌ಫಿಶ್ ಪ್ಯಾಸಿವ್ ಅಂತ ಪಟ್ಟಿಯಲ್ಲಿ ನೋಡಿ ಹತ್ತಿರ ಈಜಿದೆ. ವಿಷ ಏರಿತು!

ಉತ್ತರ: ಅದು ನಿಮ್ಮನ್ನು ಹುಡುಕಿಕೊಂಡು ಬರಲಿಲ್ಲ ಅಲ್ವಾ, ನೀವೇ ಹೋಗಿದ್ದು. ಯಾರಾದರೂ ಹತ್ತಿರ ಬಂದರೆ ಉಬ್ಬಿಕೊಳ್ಳುತ್ತದೆ, ಮುಟ್ಟಿದವರಿಗೆ ವಿಷ. ಇನ್ನು ಮೇಲೆ ಒಂದು ಬಕೆಟ್ ಹಾಲು ಇಟ್ಟುಕೊಂಡೇ ನೀರಿಗೆ ಇಳಿಯಿರಿ, ಕುಡಿದರೆ ವಿಷ ಇಳಿಯುತ್ತದೆ.